ಎಷ್ಟನೇ ಸಲ ಜಾರಿತು? ಭುಜದ ಕೀಲು ಮತ್ತು ಎಲುಬಿನ ಲೆಕ್ಕದ ಕಥೆ

ಶಹಾಪುರದಾಗ ಇರ್ಲಿ, ಸುರಪುರದಾಗ ಇರ್ಲಿ, ಯಾದಗಿರಿ ಸ್ಟೇಷನ್ ಏರಿಯಾದಾಗ ಇರ್ಲಿ, ಕಬಡ್ಡಿ ಆಡೋ ಹುಡುಗರ ಯಾವುದಾದ್ರೂ ಗುಂಪಿನಾಗ ನಿಂತು ಒಂದು ಪ್ರಶ್ನೆ ಕೇಳಿ ನೋಡ್ರಿ: ‘ನಿಮ್ಮಲ್ಲಿ ಯಾರಿಗಾದ್ರೂ ಭುಜ ಜಾರ್ತದೇನು?’ ಒಬ್ಬನಾದ್ರೂ ಕೈ ಎತ್ತೋಕೆ ಹೋಗಿ ಅರ್ಧಕ್ಕೆ ನಿಲ್ಲಿಸ್ತಾನ. ಪೂರ್ತಿ ಎತ್ತಿದ್ರ ಮತ್ತ ಜಾರ್ತದಂತ ಅವನಿಗೆ ಗೊತ್ತು.

ಮೊದಲ ಸಲ ಜಾರಿದಾಗ ಊರೆಲ್ಲಾ ಸೇರಿರ್ತದ. ‘ಹಿಡೀರೋ, ಎಳೀರೋ’ ಅಂತ ಗದ್ದಲ. ಎರಡನೇ ಸಲಕ್ಕ ಎಲುಬು ಕೂಡಿಸೋ ಕಾಕಾನ ಮನಿ ದಾರಿ ಪರಿಚಯ ಆಗಿರ್ತದ. ಐದನೇ ಸಲಕ್ಕ ಅವನೇ ಗ್ವಾಡಿಗೆ ಆನಿಸ್ಕೊಂಡು ತಾನೇ ಕೂಡಿಸ್ಕೊಳ್ಳೋದು ಕಲಿತಿರ್ತಾನ. ಹತ್ತನೇ ಸಲಕ್ಕ ನಿದ್ದೆಯಾಗ ಮಗ್ಗಲು ಬದಲಿಸಿದ್ರೂ ಸಾಕು, ಜಾರ್ತದ. ಗೆಳೆಯರು ಇದನ್ನ ತಮಾಷೆ ಮಾಡ್ತಾರ. ಅವನೂ ನಗ್ತಾನ.

ಇವತ್ತಿನ ಎಪಿಸೋಡ್ ಆ ‘ಎಷ್ಟನೇ ಸಲ’ ಅನ್ನೋ ಲೆಕ್ಕದ ಬಗ್ಗೆ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಮನುಷ್ಯರು ಕೇಳಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ‘ಜಾರಿದ ಭುಜ ಹೆಂಗ ವಾಪಸ್ ಕೂಡಿಸೋದು?’ ಸುಮಾರು ನೂರು ವರ್ಷದ ಹಿಂದೆ ಪ್ರಶ್ನೆ ಬದಲಾಯಿತು: ‘ಕೂಡಿಸಿದ್ದು ಮತ್ತ ಯಾಕ ಜಾರ್ತದ?’ ಕಳೆದ 25 ವರ್ಷದಲ್ಲಿ ಮೂರನೇ ಪ್ರಶ್ನೆ ಬಂತು: ‘ಜಾರಿ ಜಾರಿ ಎಲುಬು ಎಷ್ಟು ಸವೀತು?’ ಈ ಮೂರನೇ ಪ್ರಶ್ನೆ ನಮ್ಮ ಕಡೆ ಹುಡುಗರಿಗೆ ಇನ್ನೂ ಸರಿಯಾಗಿ ತಲುಪಿಲ್ಲ ಅಂತ ನನಗೆ ಅನಿಸ್ತದ. ನಾನು ಓದಿದ್ದು ಬಿ.ಕಾಂ, ಡಾಕ್ಟರ್ ಅಲ್ಲ. ಆದ್ರ ಈ ಇತಿಹಾಸ ಓದ್ತಾ ಹೋದಂಗ ನನಗೆ ಇದು ಖಾತೆ ಪುಸ್ತಕದಂಗ ಕಾಣಿಸ್ತು. ಅದಕ್ಕ ಹಂಗೇ ಹೇಳ್ತೀನಿ.

ಬಸಿ ಮೇಲಿನ ಮೋಸಂಬಿ

ಮೊದಲು ಕೀಲು ಹೆಂಗದ ನೋಡೋಣ. ತೊಡೆಯ ಕೀಲು ಆಳವಾದ ಬಟ್ಟಲಿನಾಗ ಕೂತ ಚೆಂಡಿನಂಗ ಅದ. ಭುಜ ಹಂಗಲ್ಲ. ಚಹಾ ಕುಡಿಯೋ ಬಸಿ ಮೇಲೆ ಒಂದು ಮೋಸಂಬಿ ಇಟ್ಟಂಗ. ಮೋಸಂಬಿ ಅಂದ್ರ ತೋಳಿನ ಎಲುಬಿನ ತಲೆ. ಬಸಿ ಅಂದ್ರ ಬೆನ್ನಿನ ಕಡೆ ಇರೋ ಹೆಗಲ ಹಲಗೆ ಎಲುಬಿನ ಸಣ್ಣ ತಗ್ಗು. ತಲೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಾತ್ರ ಯಾವುದೇ ಕ್ಷಣದಲ್ಲಿ ಆ ಬಸಿಗೆ ತಾಗಿರ್ತದ.

ಹಿಂಗ ಯಾಕ? ಕೈ ಎಲ್ಲಾ ದಿಕ್ಕಿಗೂ ತಿರುಗಲಿ ಅಂತ. ಕಲ್ಲು ಬೀಸೋದು, ಬಾಲ್ ಎಸೆಯೋದು, ತಲೆ ಮೇಲೆ ಚೀಲ ಹೊರೋದು, ಎಲ್ಲ ಈ ಸಡಿಲದಿಂದಲೇ ಸಾಧ್ಯ. ಸಡಿಲ ಇರೋದಕ್ಕೆ ಬಸಿಯ ಸುತ್ತ ರಬ್ಬರ್ ವಾಶರ್‌ನಂಥ ಒಂದು ಅಂಚು ಅದ, ಅದಕ್ಕೆ ಲೇಬ್ರಮ್ ಅಂತಾರ. ಅದಕ್ಕೆ ಅಂಟಿಕೊಂಡು ಗಟ್ಟಿ ಪಟ್ಟಿಗಳು, ಸುತ್ತ ಸ್ನಾಯುಗಳು.

ಕಬಡ್ಡಿಯಲ್ಲಿ ರೈಡರ್ ಕೈ ಚಾಚಿ ಹೊರಗೆ ತಿರುಗಿಸಿದಾಗ ಹಿಂದಿನಿಂದ ಯಾರಾದ್ರೂ ಆ ಕೈ ಹಿಡಿದು ಜಗ್ಗಿದ್ರು ಅಂತ ಇಟ್ಕೊಳ್ರಿ. ತೋಳಿನ ತಲೆ ಮುಂದಕ್ಕೆ, ಕೆಳಕ್ಕೆ ಹಾರ್ತದ. ಜಾರಿದ ನೂರು ಭುಜಗಳಲ್ಲಿ ಸುಮಾರು 95 ಮುಂದಕ್ಕೇ ಜಾರಿರ್ತಾವ. ಹಿಂದಕ್ಕೆ ಜಾರೋದು ಹೆಚ್ಚಾಗಿ ಫಿಟ್ಸ್ ಬಂದಾಗ, ಕರೆಂಟ್ ಹೊಡೆದಾಗ. ಮುಂದಕ್ಕೆ ಹಾರುವಾಗ ಎರಡು ನಷ್ಟ ಆಗಬಹುದು. ಒಂದು, ಬಸಿಯ ಮುಂದಿನ ರಬ್ಬರ್ ಅಂಚು ಕಿತ್ತು ಬರ್ತದ, ಕೆಲವೊಮ್ಮೆ ಬಸಿಯ ಚೂರನ್ನೂ ಜೊತೆಗೆ ತರ್ತದ. ಎರಡು, ತಲೆಯ ಹಿಂಭಾಗ ಬಸಿಯ ಅಂಚಿಗೆ ಗುದ್ದಿ ನೆಗ್ತದ, ಡಬ್ಬಿಗೆ ತಗ್ಗು ಬಿದ್ದಂಗ. ಭುಜ ವಾಪಸ್ ಕೂಡಿಸಿದ್ರ ನೋವು ಹೋಗ್ತದ. ಈ ಎರಡು ನಷ್ಟ ಖಾತೆಯಲ್ಲಿ ಹಂಗೇ ಉಳಿತಾವ.

ಹಿಮ್ಮಡಿ, ಒನಕೆ, ಬರೆ

ಕ್ರಿ.ಪೂ. 400ರ ಸುಮಾರಿಗೆ ಗ್ರೀಸ್‌ನ ಹಿಪ್ಪೊಕ್ರಾಟಿಸ್ ಹೆಸರಿನಲ್ಲಿರುವ ಕೀಲುಗಳ ಬಗೆಗಿನ ಗ್ರಂಥದಲ್ಲಿ ಭುಜ ಕೂಡಿಸುವ ಹಲವು ವಿಧಾನಗಳಿವೆ. ಅದರಲ್ಲಿ ಒಂದು: ರೋಗಿಯನ್ನು ನೆಲದ ಮೇಲೆ ಮಲಗಿಸಿ, ವೈದ್ಯ ತನ್ನ ಹಿಮ್ಮಡಿಯನ್ನು ಅವನ ಕಂಕುಳಿಗೆ ಇಟ್ಟು ಕೈ ಎಳೆಯುವುದು. ನಮ್ಮ ಸುಶ್ರುತ ಸಂಹಿತೆಯ ಚಿಕಿತ್ಸಾ ಸ್ಥಾನದಲ್ಲೂ ಭುಜದ ಕೀಲು ತಪ್ಪಿದ್ರ ಏನು ಮಾಡಬೇಕು ಅಂತ ಅದ: ಕಂಕುಳಿಗೆ ಒನಕೆ ಕೊಟ್ಟು ಮೇಲೆತ್ತಿ, ಕೀಲು ಕೂತ ಮೇಲೆ ಸ್ವಸ್ತಿಕದ ಆಕಾರದಲ್ಲಿ ಪಟ್ಟಿ ಕಟ್ಟೋದು. ಗ್ರೀಸ್‌ನಲ್ಲಿ ಹಿಮ್ಮಡಿ, ಇಲ್ಲಿ ಒನಕೆ. ಉಪಾಯ ಒಂದೇ. ನಮ್ಮ ಎಲುಬು ಕೂಡಿಸೋ ಕಾಕಾಂದಿರ ಕೈಯಾಗ ಇರೋದೂ ಇದೇ ಜಾತಿಯ ವಿದ್ಯೆ. ಅದನ್ನ ಹಗುರ ಮಾಡಿ ಮಾತಾಡೋ ಹಕ್ಕು ಯಾರಿಗೂ ಇಲ್ಲ.

ಆದ್ರ ಹಿಪ್ಪೊಕ್ರಾಟಿಸ್ ಗ್ರಂಥ ಅಲ್ಲಿಗೇ ನಿಲ್ಲೋದಿಲ್ಲ. ಕೂಡಿಸಿದ ಭುಜ ಮತ್ತ ಮತ್ತ ಜಾರೋ ಜನರ ಬಗ್ಗೆ ಅದು ವಿಶೇಷವಾಗಿ ಹೇಳ್ತದ. ಇದರಿಂದ ಒಳ್ಳೆ ಕ್ರೀಡಾಪಟುಗಳು ಆಟ ಬಿಡಬೇಕಾಯಿತು, ಯುದ್ಧದಲ್ಲಿ ಕೈ ಸರಿಯಾಗಿ ಏಳದೆ ಜನ ಸತ್ತರು ಅಂತ ಬರೀತದ. ಇಷ್ಟು ಹಳೆ ಪುಸ್ತಕದಾಗ ನಮ್ಮ ಕಬಡ್ಡಿ ಹುಡುಗನ ಕಥೆ ಅದ ನೋಡ್ರಿ.

ಅದಕ್ಕೆ ಅಲ್ಲಿ ಹೇಳಿದ ಮದ್ದು: ಬರೆ. ಕಾದ ಸಣ್ಣ ಕಬ್ಬಿಣದಿಂದ ಕಂಕುಳಿನ ಚರ್ಮ ಸುಡೋದು. ನಮ್ಮ ಕಡೆ ಬರೆ ಹಾಕೋದು ಕೇಳಿದ್ದೀರಿ. ಆದ್ರ ಇಲ್ಲಿ ತರ್ಕ ಬೇರೆ ಇತ್ತು. ಸುಟ್ಟ ಗಾಯ ಒಣಗುವಾಗ ಬಿಗಿಯಾಗ್ತದ, ಆ ಬಿಗಿ ತಲೆ ಕೆಳಗೆ ಜಾರೋ ಜಾಗವನ್ನು ಮುಚ್ಚಲಿ ಅಂತ. ಬೇರೆಯವರು ತಪ್ಪು ಜಾಗದಲ್ಲಿ ಸುಡ್ತಾರ, ಅದರಿಂದ ತಲೆ ಇನ್ನೂ ಹೊರಗೆ ತಳ್ಳಿದಂಗ ಆಗ್ತದ ಅಂತ ಬೈದದ್ದೂ ಅಲ್ಲಿದೆ. ಕಂಕುಳಿನಾಗ ದೊಡ್ಡ ರಕ್ತನಾಳ, ನರ ಇರ್ತಾವ, ಹುಷಾರ್ ಅಂತಾನೂ ಅದ. ಜಾರುವ ದಾರಿ ಮುಚ್ಚಬೇಕು ಅನ್ನೋ ಯೋಚನೆ ಸರಿ. ಒಳಗೆ ನೋಡೋಕೆ ದಾರಿ ಇರಲಿಲ್ಲ ಅಷ್ಟೆ. ಆ ದಾರಿ ತೆರೆಯೋಕೆ 2,200 ವರ್ಷಕ್ಕೂ ಹೆಚ್ಚು ಹಿಡೀತು.

ಕ್ಲೋರೋಫಾರ್ಮ್ ಮತ್ತು ನಮ್ಮ ನಿಜಾಮರು

ಭುಜ ತೆರೆಯಬೇಕಂದ್ರ ರೋಗಿಗೆ ಪ್ರಜ್ಞೆ ಇರಬಾರದು, ಗಾಯ ಕೀವಾಗಬಾರದು. 1846ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಈಥರ್, 1847ರಲ್ಲಿ ಎಡಿನ್‌ಬರೋದಲ್ಲಿ ಕ್ಲೋರೋಫಾರ್ಮ್ ಬಂತು. 1867ರಲ್ಲಿ ಜೋಸೆಫ್ ಲಿಸ್ಟರ್ ಕೀವು ತಡೆಯೋ ವಿಧಾನ ಪ್ರಕಟಿಸಿದರು. 1895ರಲ್ಲಿ ಎಕ್ಸ್‌ರೇ ಸಿಕ್ಕಿತು.

ಈ ಕಥೆಯಲ್ಲಿ ನಾವೂ ಇದ್ದೀವಿ. 1858ರ ಬಂಡಾಯದ ನಂತರ ಸುರಪುರ ಸಂಸ್ಥಾನವನ್ನ ಇಂಗ್ಲಿಷರು ತಗೊಂಡು 1860ರಲ್ಲಿ ನಿಜಾಮರಿಗೆ ಕೊಟ್ಟರು. ಅಲ್ಲಿಂದ 1948ರವರೆಗೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಹೈದರಾಬಾದ್ ಸಂಸ್ಥಾನದ ಭಾಗ. ಯಾದಗಿರಿ ಮೇಲೆ ಹಾದುಹೋಗುವ ಮುಂಬೈ–ಮದ್ರಾಸ್ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ಹಳಿ ಹೋಯಿತು. ದೊಡ್ಡ ಕಾಯಿಲೆ ಅಂದ್ರ ಹೈದರಾಬಾದ್ ಅನ್ನೋ ನಮ್ಮ ಅಭ್ಯಾಸಕ್ಕೆ ಇಷ್ಟು ಹಳೆಯ ದಾರಿ ಅದ.

ಅದೇ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಅನ್ನೋ ಸರ್ಜನ್ ಇದ್ದರು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯ್ತಾರಲ್ಲ, ಅದು ಉಸಿರು ನಿಂತೋ ಹೃದಯ ನಿಂತೋ ಅನ್ನೋದು ಆಗಿನ ದೊಡ್ಡ ಜಗಳ. 1888ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್ ಕೂತಿತು. ಅದರ ಫಲಿತಾಂಶವನ್ನು ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಒಪ್ಪಲಿಲ್ಲ. ಆಗ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಸರ್ಕಾರ 1,000 ಪೌಂಡ್ ಕೊಟ್ಟು, ಪತ್ರಿಕೆ ಆರಿಸಿದ ಲಾಡರ್ ಬ್ರಂಟನ್ ಅವರನ್ನು ಲಂಡನ್ನಿಂದ ಕರೆಸಿ 1889ರಲ್ಲಿ ಎರಡನೇ ಕಮಿಷನ್ ನಡೆಸಿತು. ಉಸಿರು ನೋಡಿಕೊಂಡ್ರ ಸಾಕು, ಹೃದಯಕ್ಕೆ ಭಯ ಇಲ್ಲ ಅಂತ ಅದು ತೀರ್ಮಾನಿಸಿತು. 1911ರಲ್ಲಿ ಗುಡ್‌ಮನ್ ಲೆವಿ ಅನ್ನೋರು ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದು ಅಂತ ತೋರಿಸಿದಾಗ ಆ ತೀರ್ಮಾನ ಬಿದ್ದುಹೋಯಿತು. ತೀರ್ಮಾನ ತಪ್ಪಾದ್ರೂ ಪ್ರಶ್ನೆ ಸರಿಯಾಗಿತ್ತು. ಆಪರೇಷನ್ ಟೇಬಲ್ ಮೇಲೆ ಮಲಗಿದವ ಎದ್ದು ಮನಿಗೆ ಹೋಗಬೇಕು. ಜೀವ ಉಳಿಸೋ ಆಪರೇಷನ್‌ಗೆ ಜನ ಧೈರ್ಯ ಮಾಡ್ತಾರ. ಭುಜದಂಥ, ಜೀವಕ್ಕೆ ಅಪಾಯ ಇಲ್ಲದ ತೊಂದರೆಗೆ ಟೇಬಲ್ ಹತ್ತಬೇಕಂದ್ರ ಈ ಭರವಸೆ ಮೊದಲು ಬೇಕಿತ್ತು.

ಕಿತ್ತಿದ್ದನ್ನ ಹೊಲಿಯೋದು

ಈಗ ಎರಡನೇ ಪ್ರಶ್ನೆ. ಫ್ರಾನ್ಸಿನಲ್ಲಿ 1890ರಲ್ಲಿ ಬ್ರೋಕಾ ಮತ್ತು ಹಾರ್ಟ್‌ಮನ್, ಜರ್ಮನಿಯಲ್ಲಿ 1906ರಲ್ಲಿ ಪೆರ್ಥೆಸ್, ಬಸಿಯ ಮುಂದಿನ ಅಂಚು ಕಿತ್ತಿರೋದನ್ನ ಗಮನಿಸಿದ್ದರು. ಆದ್ರ ಹೆಸರು ಉಳಿದದ್ದು ಇಂಗ್ಲೆಂಡಿನ ಬ್ಲಂಡೆಲ್ ಬ್ಯಾಂಕಾರ್ಟ್ ಅವರದು. 1923ರಲ್ಲಿ ನಾಲ್ಕು ರೋಗಿಗಳ ಬಗ್ಗೆ, 1938ರಲ್ಲಿ 27 ರೋಗಿಗಳ ಬಗ್ಗೆ ಬರೆದರು. ಅವರ ಮಾತಿನ ಸಾರ ಇಷ್ಟು: ಭುಜ ಮತ್ತ ಮತ್ತ ಜಾರೋದು ಚೀಲ ಸಡಿಲ ಆಗಿದ್ದಕ್ಕಲ್ಲ. ಅಂಚು ಎಲುಬಿನಿಂದ ಕಿತ್ತಿದೆ, ಅದು ತಾನೇ ವಾಪಸ್ ಅಂಟೋದಿಲ್ಲ. ಕಿತ್ತ ಜಾಗಕ್ಕೇ ಹೊಲಿಯಿರಿ. ಇವತ್ತಿಗೂ ಡಾಕ್ಟರ್ ಚೀಟಿಯಲ್ಲಿ ‘ಬ್ಯಾಂಕಾರ್ಟ್’ ಅಂತ ಬರೆದಿದ್ರ ಅದು ಇದೇ.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಪುಟ್ಟಿ–ಪ್ಲಾಟ್ ಅನ್ನೋ ಆಪರೇಷನ್. ಭುಜದ ಮುಂದಿನ ಸ್ನಾಯುವನ್ನ ಗಿಡ್ಡ ಮಾಡಿ ಬಿಗಿ ಹೊಲಿಯೋದು. ಜಾರೋದು ನಿಂತಿತು, ಆದ್ರ ಕೈ ಹೊರಕ್ಕೆ ತಿರುಗೋದೂ ನಿಂತಿತು. ಎಷ್ಟೋ ವರ್ಷದ ಮೇಲೆ ಹಲವರಿಗೆ ಕೀಲೇ ಸವೆಯಿತು. ಹಿಪ್ಪೊಕ್ರಾಟಿಸ್ ಕಾಲದ ಬರೆಯಂಗೆ ಇದೂ ಬಿಗಿ ಮಾಡೋ ತರ್ಕವೇ. ಬಾಗಿಲು ಸಡಿಲ ಅಂತ ಮೊಳೆ ಹೊಡೆದು ಮುಚ್ಚಿದಂಗ. ಕಳ್ಳ ಬರೋದಿಲ್ಲ ನಿಜ, ಮನಿಯವರೂ ಹೊರಗೆ ಹೋಗೋಹಂಗಿಲ್ಲ.

ಇದರ ಜೊತೆಗೆ ವಯಸ್ಸಿನ ಲೆಕ್ಕವೂ ಬಂತು. ಅಮೆರಿಕದ ಕಾರ್ಟರ್ ರೋ 1956ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ 20 ವರ್ಷದೊಳಗೆ ಭುಜ ಜಾರಿದವರಲ್ಲಿ 83 ಪರ್ಸೆಂಟ್ ಜನರಿಗೆ ಮತ್ತ ಜಾರಿತು. 40 ದಾಟಿದವರಲ್ಲಿ 16 ಪರ್ಸೆಂಟ್ ಮಾತ್ರ. ಮುಂದೆ ಸ್ವೀಡನ್ನಿನ ಲೆನಾರ್ಟ್ ಹೊವೆಲಿಯಸ್ ಮತ್ತು ಜೊತೆಯವರು 1978–79ರಲ್ಲಿ ಮೊದಲ ಸಲ ಭುಜ ಜಾರಿದವರನ್ನ 25 ವರ್ಷ ಬೆನ್ನುಹತ್ತಿ ನೋಡಿದರು. ಅಲ್ಲಿ ಚಿತ್ರ ಸ್ವಲ್ಪ ಸಮಾಧಾನದ್ದು. 25ರೊಳಗಿನ ವಯಸ್ಸಿನವರಲ್ಲೂ ಸುಮಾರು ಅರ್ಧದಷ್ಟು ಭುಜಗಳು ಆಪರೇಷನ್ ಇಲ್ಲದೆ ಮತ್ತ ಜಾರಲಿಲ್ಲ, ಅಥವಾ ಕಾಲ ಕಳೆದಂತೆ ತಾವೇ ನೆಲೆನಿಂತವು. ಹಂಗಾಗಿ ಒಂದು ಸಲ ಜಾರಿದ ಕೂಡಲೇ ಎಲ್ಲರೂ ಆಪರೇಷನ್‌ಗೆ ಓಡಬೇಕಂತಿಲ್ಲ. ಆದ್ರ ಹದಿನೆಂಟರ ಹುಡುಗ, ಅದರಲ್ಲೂ ಮೈಗೆ ಮೈ ತಾಗೋ ಆಟ ಆಡೋನು, ‘ಒಂದೇ ಸಲ ಅಲ್ವಾ’ ಅಂತ ಮರೆಯೋಹಂಗೂ ಇಲ್ಲ.

ಎಲುಬಿನ ಖಾತೆ ತೆರೆದದ್ದು

1940ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೆರಾಲ್ಡ್ ಹಿಲ್ ಮತ್ತು ಮಾರಿಸ್ ಸ್ಯಾಕ್ಸ್ ಅನ್ನೋ ಇಬ್ಬರು ಎಕ್ಸ್‌ರೇ ಡಾಕ್ಟರ್‌ಗಳು ತೋಳಿನ ತಲೆಯ ಹಿಂದಿನ ಆ ತಗ್ಗನ್ನ ವಿವರವಾಗಿ ಬರೆದರು. ಅದು ಹಿಲ್–ಸ್ಯಾಕ್ಸ್ ಗಾಯ. ಹಿಂದೆ ಬೇರೆಯವರೂ ನೋಡಿದ್ದರು. ಇವರು ಅದನ್ನ ಜಾರುವಾಗ ಅಂಚಿಗೆ ಗುದ್ದಿ ಆದ ಮುರಿತ ಅಂತ ವಿವರಿಸಿದರು.

ಬಸಿಯ ಕಡೆ ಎಲುಬು ಕಡಿಮೆ ಬಿದ್ರ ಹೊಸದಾಗಿ ಕಟ್ಟೋಣ ಅನ್ನೋ ಯೋಚನೆ ಅದಕ್ಕೂ ಹಳೆಯದು. ಜರ್ಮನಿಯ ಈಡೆನ್ 1918ರಲ್ಲಿ ಕಾಲಿನ ಎಲುಬಿನಿಂದ ತುಂಡು ತಂದು ಬಸಿಯ ಮುಂದೆ ಇಟ್ಟರು. ಸ್ವೀಡನ್ನಿನ ಹೈಬಿನೆಟ್ 1932ರಲ್ಲಿ ಸೊಂಟದ ಎಲುಬಿನ ತುಂಡು ಬಳಸಿದರು.

1954ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ಮಿಶೆಲ್ ಲಟಾರ್ಜೆ ಇನ್ನೂ ಹತ್ತಿರದ ದಾರಿ ಹಿಡಿದರು. ಭುಜದ ಮುಂದೆ, ಕಾಲರ್ ಎಲುಬಿನ ಕೆಳಗೆ, ಬೆರಳಿನಂಥ ಒಂದು ಸಣ್ಣ ಎಲುಬಿನ ಕೊಂಬು ಅದ. ಕೊರಕಾಯ್ಡ್ ಅಂತ ಹೆಸರು. ಅದನ್ನ ಸ್ನಾಯುಗಳ ಸಮೇತ ಕತ್ತರಿಸಿ, ಬಸಿಯ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂಡಿಸಿದರು. ಇದರಿಂದ ಎರಡು ಲಾಭ. ಬಸಿ ಅಗಲವಾಗ್ತದ. ಜೊತೆಗೆ ಬಂದ ಸ್ನಾಯು, ಕೈ ಎತ್ತಿ ತಿರುಗಿಸಿದಾಗ ತೋಳಿನ ತಲೆಯ ಮುಂದೆ ಜೋಳಿಗೆಯ ಪಟ್ಟಿಯಂಗ ಬಿಗಿದು ನಿಲ್ತದ. 1958ರಲ್ಲಿ ದಕ್ಷಿಣ ಆಫ್ರಿಕಾದ ಆರ್ಥರ್ ಹೆಲ್ಫೆಟ್, ತಮ್ಮ ಗುರು ರೌಲಿ ಬ್ರಿಸ್ಟೋ ಹೆಸರಿನಲ್ಲಿ ಇದೇ ಜಾತಿಯ ಇನ್ನೊಂದು ಆಪರೇಷನ್ ಪ್ರಕಟಿಸಿದರು. ಫ್ರಾನ್ಸಿನ ಸರ್ಜನ್‌ಗಳು ಲಟಾರ್ಜೆ ಆಪರೇಷನ್ ಬಿಡಲಿಲ್ಲ. ಬೇರೆ ಬಹಳ ಕಡೆ ‘ಅಂಚು ಹೊಲಿದ್ರ ಸಾಕು, ಇದು ಅತಿ’ ಅನ್ನೋ ಮಾತೇ ನಡೀತು.

2000ನೇ ಇಸವಿಯ ಬ್ಯಾಲೆನ್ಸ್ ಶೀಟ್

1980ರ ದಶಕದಲ್ಲಿ ದುರ್ಬೀನು ಭುಜಕ್ಕೂ ಬಂತು. ಆರ್ತ್ರೋಸ್ಕೋಪಿ ಅಂದ್ರ ಪೆನ್ನಿನ ದಪ್ಪದ ಕ್ಯಾಮೆರಾ ಒಳಗೆ ಬಿಟ್ಟು, ಸಣ್ಣ ತೂತುಗಳಿಂದ ಆಪರೇಷನ್ ಮಾಡೋದು. ಜಪಾನಿನ ವತನಬೆಯವರು ಮೊಣಕಾಲಿಗೆ ಬೆಳೆಸಿದ ವಿದ್ಯೆ ಅದು. ದೊಡ್ಡ ಗಾಯ ಇಲ್ಲ, ನೋವು ಕಡಿಮೆ. ಬ್ಯಾಂಕಾರ್ಟ್ ಹೊಲಿಗೆಯನ್ನ ಈ ತೂತಿನಿಂದಲೇ ಮಾಡೋ ಕಾಲ ಬಂತು. ಎಲ್ಲರಿಗೂ ಖುಷಿ. ಆದ್ರ ಕೆಲವರಿಗೆ ಆಪರೇಷನ್ ಆದ ಮೇಲೂ ಜಾರ್ತಿತ್ತು. ಹೊಲಿಗೆ ಸರಿ ಇಲ್ವಾ? ದಾರ ಸರಿ ಇಲ್ವಾ? ರೋಗಿ ಹೇಳಿದ ಮಾತು ಕೇಳಲಿಲ್ವಾ?

2000ನೇ ಇಸವಿಯಲ್ಲಿ ಅಮೆರಿಕದ ಸ್ಟೀಫನ್ ಬರ್ಕ್‌ಹಾರ್ಟ್ ಮತ್ತು ಕೇಪ್‌ಟೌನಿನ ಜೋ ಡಿ ಬೀರ್ 194 ರೋಗಿಗಳ ಲೆಕ್ಕ ಮುಂದಿಟ್ಟರು. ಎಲ್ಲರಿಗೂ ಆಗಿದ್ದು ದುರ್ಬೀನಿನ ಬ್ಯಾಂಕಾರ್ಟ್. ಎಲುಬು ಹೆಚ್ಚು ನಷ್ಟ ಆಗದೇ ಇದ್ದವರಲ್ಲಿ ಮತ್ತ ಜಾರಿದ್ದು 4 ಪರ್ಸೆಂಟ್. ಎಲುಬು ದೊಡ್ಡದಾಗಿ ಸವೆದಿದ್ದವರಲ್ಲಿ 67 ಪರ್ಸೆಂಟ್. ರಗ್ಬಿಯಂಥ ಆಟ ಆಡೋರನ್ನ ಮಾತ್ರ ತಗೊಂಡ್ರ, ಎಲುಬು ಸವೆದವರಲ್ಲಿ 89 ಪರ್ಸೆಂಟ್! ಆಪರೇಷನ್ ಒಂದೇ. ಫಲಿತಾಂಶ ಬದಲಿಸಿದ್ದು ಎಲುಬು.

ಅವರು ಕೊಟ್ಟ ಚಿತ್ರವೂ ಸುಲಭ. ಬಸಿಯ ಆಕಾರ ಪಿಯರ್ ಹಣ್ಣಿನಂಗ. ನಮಗೆ ತಿಳಿಯೋಹಂಗ ಹೇಳಬೇಕಂದ್ರ, ತೊಟ್ಟು ಹಿಡಿದ ಗುಂಡು ಬದನೆಕಾಯಿ, ಮೇಲೆ ಸಣ್ಣ, ಕೆಳಗೆ ಅಗಲ. ಮುಂದಿನ ಅಂಚು ಸವೆದು ಸವೆದು ಕೆಳಗಿನ ಭಾಗವೇ ಮೇಲಿನದಕ್ಕಿಂತ ಸಣ್ಣದಾದ್ರ ಅದು ತಲೆಕೆಳಗಾದ ಪಿಯರ್. ಅಂಥ ಬಸಿ ಮೇಲೆ ಎಷ್ಟು ಚಂದ ಹೊಲಿದ್ರೂ ಮೋಸಂಬಿ ನಿಲ್ಲೋದಿಲ್ಲ.

ಹಂಗಾದ್ರ ಎಷ್ಟು ಸವೆದ್ರ ಜಾಸ್ತಿ? ಅದೇ ವರ್ಷ ಜಪಾನಿನ ಏಜಿ ಇತೋಯಿ ಅವರ ತಂಡ ಮೃತದೇಹಗಳ ಭುಜದ ಮೇಲೆ ಅಳೆದು, ನಷ್ಟ ಸುಮಾರು 20 ಪರ್ಸೆಂಟ್ ದಾಟಿದ್ರ ಹೊಲಿಗೆ ಮಾತ್ರ ಸಾಕಾಗೋದಿಲ್ಲ ಅಂತ ತೋರಿಸಿತು. ಬಸಿಯ ಕೆಳಭಾಗದ ಅಗಲ ಸುಮಾರು 25ರಿಂದ 30 ಮಿಲಿಮೀಟರ್. ಅದರಲ್ಲಿ 20 ಪರ್ಸೆಂಟ್ ಅಂದ್ರ 5–6 ಮಿಲಿಮೀಟರ್. ನಾರಾಯಣಪುರ ಕಾಲುವೆ ನೀರಿನಾಗ ಬೆಳೆದ ಅಕ್ಕಿಕಾಳು ಒಂದು ಅಂಗೈಯಾಗ ಇಟ್ಕೊಂಡು ನೋಡ್ರಿ. ಅಷ್ಟೇ ಉದ್ದ. ಆ ಒಂದು ಕಾಳಿನಷ್ಟು ಎಲುಬು ಉಳಿದಿದೆಯೋ ಹೋಗಿದೆಯೋ ಅನ್ನೋದರ ಮೇಲೆ ಆಪರೇಷನ್ ಯಾವುದು ಅಂತ ತೀರ್ಮಾನ ಆಗ್ತದ. 2015ರಲ್ಲಿ ಅಮೆರಿಕದ ಸೈನಿಕರ ಮೇಲೆ ನಡೆದ ಅಧ್ಯಯನವೊಂದು 13.5 ಪರ್ಸೆಂಟ್ ನಷ್ಟಕ್ಕೇ ಫಲಿತಾಂಶ ಹದಗೆಡ್ತದ ಅಂತ ಹೇಳಿತು. ಗೆರೆ ಎಲ್ಲಿ ಎಳೆಯಬೇಕು ಅನ್ನೋ ಚರ್ಚೆ ಡಾಕ್ಟರ್‌ಗಳ ನಡುವೆ ಇನ್ನೂ ನಡೀತಾ ಅದ.

ಇನ್ನೂ ಒಂದು ತಿರುವು. ಬಸಿಯ ನಷ್ಟ, ತಲೆಯ ತಗ್ಗು, ಎರಡನ್ನೂ ಬೇರೆ ಬೇರೆ ನೋಡಿದ್ರ ಲೆಕ್ಕ ತಪ್ಪುತ್ತದ. ಕೈ ಎತ್ತಿ ತಿರುಗಿಸುವಾಗ ಬಸಿಯು ತಲೆಯ ಮೇಲೆ ಒಂದು ಹಾದಿ ಮಾಡ್ತದ, ಎತ್ತಿನ ಬಂಡಿ ಗಾಲಿ ಹೊಲದಾಗ ಗೆರೆ ಮೂಡಿಸಿದಂಗ. 2007ರಲ್ಲಿ ಯಮಾಮೊಟೊ, ಇತೋಯಿ ಮತ್ತು ತಂಡ ಈ ಹಾದಿ ಅಳೆದರು. 2014ರಲ್ಲಿ ಇಟಲಿಯ ಡಿ ಜಕೊಮೊ, ಇತೋಯಿ, ಬರ್ಕ್‌ಹಾರ್ಟ್ ಸೇರಿ ಅದನ್ನ ಸುಲಭ ಲೆಕ್ಕ ಮಾಡಿದರು. ತಗ್ಗು ಹಾದಿಯ ಒಳಗೇ ಇದ್ರ ಭಯ ಕಡಿಮೆ. ಹಾದಿ ದಾಟಿ ಹೊರಗೆ ಹೋದ್ರ, ಗಾಲಿ ಗುಂಡಿಗೆ ಬಿದ್ದಂಗ ಬಸಿಯ ಅಂಚು ತಗ್ಗಿನಾಗ ಸಿಕ್ಕು ಭುಜ ಹಾರ್ತದ. ಬಸಿ ಸವೆದಷ್ಟೂ ಹಾದಿ ಸಣ್ಣದಾಗ್ತದ. ಹಂಗಾಗಿ ಒಂದು ಕಡೆಯ ನಷ್ಟ ಇನ್ನೊಂದು ಕಡೆಯ ನಷ್ಟವನ್ನೂ ದುಬಾರಿ ಮಾಡ್ತದ. ಬಡ್ಡಿಗೆ ಬಡ್ಡಿ.

ಇವತ್ತು ಸರ್ಜನ್ ಮುಂದೆ ಇರೋ ದಾರಿಗಳು ಸ್ಥೂಲವಾಗಿ ಹಿಂಗ. ಎಲುಬು ಚೆನ್ನಾಗಿದ್ರ, ದುರ್ಬೀನಿನ ಬ್ಯಾಂಕಾರ್ಟ್. ಬಸಿ ಪರವಾಗಿಲ್ಲ, ತಲೆಯ ತಗ್ಗು ದೊಡ್ಡದು ಅಂದ್ರ, ಹಿಂದಿನ ಸ್ನಾಯುವನ್ನ ಆ ತಗ್ಗಿನೊಳಗೆ ಹೊಲಿದು ತುಂಬೋದು. ಅದಕ್ಕೆ ರಾಂಪ್ಲಿಸಾಜ್ ಅಂತಾರ, ತುಂಬೋದು ಅನ್ನೋಕೆ ಫ್ರೆಂಚ್ ಮಾತು. ಬಸಿಯೇ ಸವೆದಿದ್ರ, ಲಟಾರ್ಜೆ, ಇಲ್ಲ ಸೊಂಟದ ಎಲುಬಿನ ತುಂಡು. ಲಟಾರ್ಜೆ ಗಟ್ಟಿ ಆಪರೇಷನ್, ಆದ್ರ ಪುಕ್ಕಟೆ ಅಲ್ಲ. ಪಕ್ಕದಲ್ಲೇ ದೊಡ್ಡ ನರಗಳು. ಸ್ಕ್ರೂ ತೊಂದರೆ ಕೊಡಬಹುದು, ಕೂಡಿಸಿದ ಎಲುಬು ಕರಗಬಹುದು. ಅದಕ್ಕೇ ಕೈ ಪಳಗಿದ ಸರ್ಜನ್ ಬೇಕು.

ಯಾದಗಿರಿಯಿಂದ ಎಷ್ಟು ದೂರ?

2001ರಲ್ಲಿ ನಮ್ಮ ಅನಿಲ್ ಕುಂಬ್ಳೆ ಭುಜದ ಆಪರೇಷನ್‌ಗೆ ದಕ್ಷಿಣ ಆಫ್ರಿಕಾಕ್ಕೆ ಹೋದರು. ಕುಂಬ್ಳೆ ಇಲ್ಲದ ಆ ಆಸ್ಟ್ರೇಲಿಯಾ ಸರಣಿಯಲ್ಲೇ ಹರ್ಭಜನ್ 32 ವಿಕೆಟ್ ತೆಗೆದದ್ದು. ಕುಂಬ್ಳೆಯವರದು ವರ್ಷಾನುಗಟ್ಟಲೆ ಬೌಲಿಂಗ್ ಮಾಡಿದ ಭುಜದ ಸಮಸ್ಯೆ, ನಾವು ಮಾತಾಡ್ತಿರೋ ಜಾರೋ ಭುಜ ಅಲ್ಲ. ಆದ್ರೂ ನೆನಪಿರಲಿ: ದೇಶದ ನಂಬರ್ ಒನ್ ಸ್ಪಿನ್ನರ್ 25 ವರ್ಷದ ಹಿಂದೆ ಇದಕ್ಕಾಗಿ ಸಮುದ್ರ ದಾಟಿದರು.

ನಮ್ಮ ಹುಡುಗನ ದಾರಿ? ಕಲಬುರಗಿಯಲ್ಲಿ ಎಂ.ಆರ್. ಮೆಡಿಕಲ್ ಕಾಲೇಜು ಶುರುವಾದದ್ದು 1963ರಲ್ಲಿ. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಡಿಸೆಂಬರ್ 30ಕ್ಕೆ. ಯಾದಗಿರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿಗೆ, ಯಿಮ್ಸ್‌ಗೆ, ಅನುಮತಿ ಸಿಕ್ಕಿದ್ದು 2022ರಲ್ಲಿ. ಅಂದ್ರ ಲಟಾರ್ಜೆ ಬರೆದು 68 ವರ್ಷ ಆದ ಮೇಲೆ ಈ ಜಿಲ್ಲೆಗೆ ತನ್ನದೇ ಒಂದು ವೈದ್ಯಕೀಯ ಕಾಲೇಜು ಬಂತು. ಕಾಯಿಲೆಯ ಇತಿಹಾಸ ಒಂದು, ಅದು ನಮ್ಮ ಊರಿಗೆ ಬಂದು ತಲುಪೋ ಇತಿಹಾಸ ಇನ್ನೊಂದು.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೀತಾ ಅದ. ಬಿ.ಪಿ.ಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎ.ಪಿ.ಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ರ ಅವರೇ ಮುಂದೆ ಕಳಿಸ್ತಾರ. ನಿಮಗೆ ಹೇಳಿದ ಆಪರೇಷನ್ ಪಟ್ಟಿಯಲ್ಲಿ ಅದನೋ ಇಲ್ಲೋ ಅಂತ ಆಸ್ಪತ್ರೆಯಲ್ಲಿ ಕೂತಿರೋ ಆರೋಗ್ಯಮಿತ್ರರನ್ನ ಕೇಳ್ರಿ. ಕಾರ್ಡ್ ಜೇಬಿನಾಗ ಇಟ್ಕೊಂಡು ಸುಮ್ಮನೆ ವಾಪಸ್ ಬರಬ್ಯಾಡ್ರಿ.

ಆದ್ರ ಆಪರೇಷನ್ ಬಿಲ್ ಮಾತ್ರ ಖರ್ಚಲ್ಲ. ಆಮೇಲೆ ಕೆಲವು ವಾರ ಕೈ ಜೋಳಿಗೆಯಲ್ಲಿ. ನಂತರ ವ್ಯಾಯಾಮ. ಭಾರ ಎತ್ತೋದು, ಕಬಡ್ಡಿ ಅಂಗಳಕ್ಕೆ ಇಳಿಯೋದು ಅಂದ್ರ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು. ನಮ್ಮ ಕಡೆಯ ಎಷ್ಟೋ ಹುಡುಗರು ಬೆಂಗಳೂರಿಗೆ, ಮುಂಬೈಗೆ, ಹೈದರಾಬಾದಿಗೆ ಗಾರೆ ಕೆಲಸಕ್ಕೆ ಹೋಗ್ತಾರ. ಎ.ಪಿ.ಎಂ.ಸಿಯಲ್ಲಿ ಹಮಾಲಿ ಮಾಡ್ತಾರ. ದಿನಗೂಲಿಯವನಿಗೆ ಆರು ತಿಂಗಳು ಭಾರ ಎತ್ತಬ್ಯಾಡ ಅಂದ್ರ ಆರು ತಿಂಗಳು ಉಣ್ಣಬ್ಯಾಡ ಅಂದಂಗ. ಅದಕ್ಕೇ ಅವನು ‘ಮುಂದಿನ ಸುಗ್ಗಿ ಆದ ಮೇಲೆ ನೋಡೋಣ’ ಅಂತಾನ. ಅವನದು ಉಡಾಫೆ ಅಲ್ಲ, ಅದೂ ಒಂದು ಲೆಕ್ಕ. ಆದ್ರ ಆ ಲೆಕ್ಕದಾಗ ಒಂದು ಸಾಲು ಬಿಟ್ಟುಹೋಗಿರ್ತದ. ಮುಂದೂಡಿದ ಪ್ರತಿ ಸುಗ್ಗಿಗೂ ಭುಜ ಮತ್ತೆರಡು ಸಲ ಜಾರಿರ್ತದ. ಇವತ್ತು ತೂತಿನಿಂದ ಹೊಲಿದು ಮುಗಿಯೋ ಕೆಲಸ, ನಾಳೆ ಎಲುಬು ಕತ್ತರಿಸಿ ಸ್ಕ್ರೂ ಹಾಕೋ ಕೆಲಸ ಆಗಬಹುದು. ನಡುವೆ ಗಾರೆ ಕೆಲಸದ ಸಾರುವೆ ಮೇಲೆ ನಿಂತಾಗಲೇ ಜಾರಿದ್ರ?

ಹಂಗಾಗಿ ಇಷ್ಟು ಮಾಡ್ರಿ. ಮೊದಲ ಸಲ ಜಾರಿದಾಗಲೇ, ಯಾರೇ ಕೂಡಿಸಲಿ, ಒಂದು ಎಕ್ಸ್‌ರೇ ತೆಗೆಸ್ರಿ. ಎಲುಬು ಮುರಿದಿದ್ದು ತಿಳಿಯದೆ ಎಳೆದ್ರ ಅನಾಹುತ. ಕೈ ಮರಗಟ್ಟಿದ್ರ, ಭುಜದ ಹೊರಭಾಗದಾಗ ಸ್ಪರ್ಶ ಇಲ್ಲ ಅನಿಸಿದ್ರ, ತಡ ಮಾಡದೆ ಆಸ್ಪತ್ರೆ. ಎರಡನೇ ಸಲ ಜಾರಿದ್ರ ಎಲುಬಿನ ಡಾಕ್ಟರ್ ಹತ್ರ ಹೋಗಿ ಎರಡೇ ಪ್ರಶ್ನೆ ಕೇಳ್ರಿ: ‘ಸಾರ್, ನನ್ನ ಎಲುಬು ಎಷ್ಟು ಸವೆದಿದೆ? ಸಿ.ಟಿ. ಮಾಡಿ ಅಳೀಬೇಕಾ?’ ಹಳೆ ಎಕ್ಸ್‌ರೇ ಫಿಲ್ಮ್ ಬಿಸಾಡಬ್ಯಾಡ್ರಿ. ಎಷ್ಟು ಸಲ ಜಾರಿತು, ಯಾವಾಗ, ಏನು ಮಾಡ್ತಿದ್ದಾಗ ಅಂತ ಫೋನಿನ ನೋಟ್ಸ್‌ನಾಗ ಬರ್ದಿಡ್ರಿ. ಫಿಟ್ಸ್ ಇರೋರು ಮೊದಲು ಅದಕ್ಕೆ ಮಾತ್ರೆ ಸರಿಮಾಡಿಸ್ಕೊಳ್ರಿ. ಅದು ನಿಲ್ಲದೆ ಭುಜ ನಿಲ್ಲೋದು ಕಷ್ಟ.

ಮತ್ತ ಎಲುಬು ಕೂಡಿಸೋ ಕಾಕಾಂದಿರಿಗೂ ಒಂದು ಮಾತು, ನಿಮ್ಮ ಮೊಮ್ಮಕ್ಕಳು ಈ ಎಪಿಸೋಡ್ ಕೇಳಿಸ್ತಾರಂತ ಅಂದ್ಕೊಂಡು ಹೇಳ್ತೀನ್ರಿ. ಯಾವ ಹುಡುಗ ಎಷ್ಟನೇ ಸಲ ಬಂದ ಅನ್ನೋದು ಡಾಕ್ಟರ್‌ಗಿಂತ ನಿಮಗೇ ಚೆನ್ನಾಗಿ ಗೊತ್ತು. ಎರಡನೇ ಸಲ ಬಂದವನಿಗೆ ಎಣ್ಣೆ ತಿಕ್ಕಿ ಕಳಿಸೋ ಮುಂಚೆ ‘ತಮ್ಮಾ, ಒಮ್ಮೆ ದೊಡ್ಡ ದವಾಖಾನಿಗೆ ತೋರಿಸ್ಕೊಂಡು ಬಾ’ ಅಂತ ಅನ್ರಿ. ನಿಮ್ಮ ಮಾತು ಅವನು ಕೇಳ್ತಾನ.

ಇಷ್ಟೇ ಇವತ್ತಿನ ಕಥೆ. ನಿಮ್ಮ ಗುಂಪಿನಾಗ ಕೈ ಅರ್ಧಕ್ಕೆ ಎತ್ತೋ ಆ ಒಬ್ಬ ದೋಸ್ತ್ ಇದ್ದಾನಲ್ಲ, ಅವನಿಗೆ ಈ ಎಪಿಸೋಡ್ ಫಾರ್ವರ್ಡ್ ಮಾಡ್ರಿ. ಮತ್ತ ಸಿಗೋಣು.